ಹಾದಿ ನೋಡುವುದು

ಕನ್ನಡ ಬೈಬಲಿನಲ್ಲಿ ನಂಬಿಕೆ, ಪ್ರೀತಿಗಳ ಜೊತೆ ಕೂತಿರುವ ಮೂರನೆಯ ಪದ ‘ನಿರೀಕ್ಷೆ’. ಹಾವೇರಿ ಜಿಲ್ಲೆಯ ಹೊಸರಿತ್ತಿಯ ಹತ್ತಿರ ಒಮ್ಮೆ ನಮ್ಮ ಕ್ರೈಸ್ತ ಸಭೆಯ ಒಬ್ಬ ಮುದುಕಿಯನ್ನು ಕೇಳಿದೆ: ಅಜ್ಜೀ, ನಿರೀಕ್ಷೆ ಅಂದರೆ ಏನು? ಆಕೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಏನಂದ್ರ ಏನಪಾ, ಹಾದಿ ನೋಡೂದು” ಅಂದಳು. ಮೊರ ಕೆಳಗಿಡಲಿಲ್ಲ.

*

ಹಾದಿ ನೋಡುವವರ ಕಣ್ಣು ದಾರಿಯ ಮೇಲೆ, ಕೈ ಜೋಳದ ಮೇಲೆ. ಕೈ ಕಟ್ಟಿ ಬರೀ ನೋಡುತ್ತ ಕೂತರೆ ಹಗಲುಗನಸು. ತಲೆ ಎತ್ತದೆ ಬರೀ ದುಡಿದರೆ ಗಾಣದ ಎತ್ತಿನ ಬಾಳು.

*

ದಸರೆಯ ಹೊತ್ತಿಗೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಒಂದು ಸಾಲಿಗೆ ಕಿವಿಗೊಡುತ್ತಾರೆ. ಆಮೇಲೆ ಆ ಸಾಲಿನೊಳಗೆ ಮಳೆ ಇದೆಯೋ, ಬೆಳೆ ಇದೆಯೋ, ಸರ್ಕಾರ ಬೀಳುವುದಿದೆಯೋ ಎಂದು ವಾರಗಟ್ಟಲೆ ಹುಡುಕುತ್ತಾರೆ. ಅವರನ್ನು ನೋಡಿ ನಗುವುದು ನನ್ನಿಂದಾಗದು. ನಾಳೆಯ ತಳಮಳ ಯಾರಿಗಿಲ್ಲ? ಆದರೆ ಯೇಸು ಶಿಷ್ಯರ ಕೈಗೆ ಕೊಟ್ಟದ್ದರಲ್ಲಿ ಕಾರ್ಣಿಕವಿಲ್ಲ. ದಿನ ಯಾವುದು, ಗಳಿಗೆ ಯಾವುದು ಎಂದು ಅವರು ಕೇಳಿದರೆ ಆತ ಹೇಳಲಿಲ್ಲ, ಎಚ್ಚರವಾಗಿರಿ ಅಂದ ಅಷ್ಟೆ. ನಾಳೆ ಏನಾಗುತ್ತದೆಂದು ಬರೆದುಕೊಟ್ಟರೆ ಮತ್ತೆ ನಿರೀಕ್ಷೆಗೆ ಕೆಲಸವೇನು?

*

ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅದೇ ಕಾಲಕ್ಕೆ ಗದಗಿನ ಬಳಿ ಮಳಸಮುದ್ರದಲ್ಲಿ ಒಕ್ಕಲುತನದ ಒಂದು ಕ್ರೈಸ್ತ ಊರನ್ನೇ ಕಟ್ಟಲು ಹೊರಟರು. ಕಾಲಜ್ಞಾನ ನಂಬಿದ ಪಂಥದವರು ಗುಂಪುಗುಂಪಾಗಿ ಬಂದು ಸೇರುತ್ತಾರೆಂಬ ಎಣಿಕೆ. ಹಾಗೆ ಬರಲಿಲ್ಲ, ಆ ಊರೂ ನಿಲ್ಲಲಿಲ್ಲ. ಎಣಿಕೆ ಮುರಿದು ಬಿದ್ದ ಮರುದಿನ ಎದ್ದು ಶಾಲೆಯ ಬಾಗಿಲು ತೆಗೆಯುತ್ತಾರಲ್ಲ, ನಾನು ನಿರೀಕ್ಷೆ ಅನ್ನುವುದು ಅದಕ್ಕೆ.

*

ನಮ್ಮ ಸೀಮೆಯ ಹಳಬರಿಗೆ ಬರಗಾಲಗಳಿಗೂ ಹೆಸರಿತ್ತು. 1791-92ರದ್ದು ಡೋಗಿ ಬರ. ತಲೆಬುರುಡೆಗಳು ಹೊಲದಲ್ಲಿ ಬಿದ್ದಿದ್ದವಂತೆ. 1876-78ರದ್ದು ಧಾತು, ಈಶ್ವರ ಸಂವತ್ಸರಗಳ ಬರ. ದಕ್ಷಿಣ ಭಾರತದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಆಗ ಸತ್ತರು. ಮಿಶನ್ನಿನವರು ಅನಾಥ ಮಕ್ಕಳನ್ನು ಎತ್ತಿಕೊಂಡು ಸಾಕಿದರು. ‘ಗಂಜಿಗಾಗಿ ಕಿರಿಸ್ತಾನರಾದವರು’ ಎಂಬ ಚುಚ್ಚುಮಾತು ಅಂಥ ಕಾಲದ್ದು. ಗಂಜಿ ಕೊಟ್ಟವನು ತಾನು ಕೊಟ್ಟದ್ದನ್ನು ಮರೆಯಬೇಕು, ಅದು ಸರಿ. ಉಂಡ ಮಗು ಯಾಕೆ ನಾಚಬೇಕು? ಹಸಿದವರಿಗೆ ದೇವರು ಮೊದಲು ಕಾಣುವುದು ಬಟ್ಟಲಿನಲ್ಲೇ.

*

ಯೆರೂಸಲೇಮಿಗೆ ಬಾಬೆಲಿನ ಸೈನ್ಯದ ಮುತ್ತಿಗೆ. ಪ್ರವಾದಿ ಯೆರೆಮೀಯ ಅರಮನೆಯ ಅಂಗಳದಲ್ಲಿ ಸೆರೆಯಾಳು. ಇಂಥ ಹೊತ್ತಿನಲ್ಲಿ ಆತ ಮಾಡಿದ್ದೇನು? ಹೊಲ ಕೊಂಡ. ಅನಾತೋತಿನಲ್ಲಿದ್ದ ಚಿಕ್ಕಪ್ಪನ ಮಗನ ಹೊಲ. 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿಕೊಟ್ಟು, ಸಾಕ್ಷಿದಾರರ ರುಜು ಹಾಕಿಸಿ, ಖರೀದಿಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದ, ಬಹಳ ದಿನ ಬಾಳಲೆಂದು. ವೈರಿಯ ಕಾಲಡಿಯ ಹೊಲಕ್ಕೆ ರೊಕ್ಕ ಕೊಡುವವನನ್ನು ಊರವರು ಏನಂದಿರಬೇಕು!

ಹೊಸರಿತ್ತಿಯ ಕಡೆಯವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದ ಉತಾರದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟ ಮನೆಗಳಿವು. 2023ರ ಬರದಲ್ಲಿ ಗೋವಿನಜೋಳ ಕಣ್ಣೆದುರೇ ಒಣಗಿದ್ದನ್ನು ಕಂಡವರು 2024ರ ಮುಂಗಾರಿಗೆ ಮತ್ತೆ ಬೀಜದ ಅಂಗಡಿಯ ಮುಂದೆ ನಿಂತರು. ಕೆಲವರು ಸಾಲ ತಂದು ನಿಂತರು. ಅದು ನಿರೀಕ್ಷೆಯೋ, ಬೇರೆ ದಾರಿಯಿಲ್ಲದ ಹಟವೋ? ಎರಡರ ನಡುವಿನ ಗೆರೆ ನನಗೆ ಕಾಣುವುದಿಲ್ಲ. ಯೆರೆಮೀಯನಿಗೆ ಕಂಡಿತ್ತೋ ಏನೋ.

*

2019ರ ಆಗಸ್ಟಿನಲ್ಲಿ ವರದಾ ನದಿ ದಂಡೆ ಮೀರಿತು. ಮಳೆಗಾಗಿ ಮೊಣಕಾಲೂರಿದ್ದವರು ಮೊಣಕಾಲುದ್ದದ ನೀರಿನಲ್ಲಿ ನಿಂತರು.

*

ಕಾಳು ತುಂಬಿಟ್ಟ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಮುಚ್ಚಿದ ನೆಲದೊಳಗಿನ ಗಾಳಿ ಉಸಿರು ಕಟ್ಟಿಸುತ್ತದೆ. ಬಾಯಿ ತೆರೆದಿಟ್ಟು, ಗಾಳಿ ಆಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಆಮೇಲೆ ಇಳಿಯುತ್ತಾರೆ. ದುಃಖ ಮುಚ್ಚಿಟ್ಟ ಎದೆಯೂ ಹಾಗೆಯೇ. ನಮ್ಮ ಸಭೆಯ ಹಿರಿಯರು ಕೆಲವರು ಮುಚ್ಚಳ ಸರಿದ ಗಳಿಗೆಗೇ ವಾಕ್ಯ ಹಿಡಿದುಕೊಂಡು ಒಳಗೆ ಧುಮುಕುತ್ತಾರೆ. ಒಳಗಿದ್ದವರಿಗೂ ಉಸಿರಿಲ್ಲ, ಇಳಿದವರಿಗೂ ಉಸಿರಿಲ್ಲ.

*

ಬ್ಯಾಡಗಿ ಮೆಣಸಿನಕಾಯಿಗೆ ಸುಕ್ಕೇ ಗುರುತು. ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಭೌಗೋಳಿಕ ಸೂಚಕದ ಮುದ್ರೆಯೂ ಸಿಕ್ಕಿತು. ಇದನ್ನೇ ಹಿಡಿದುಕೊಂಡು ಒಬ್ಬ ಬೋಧಕರು, ಕಷ್ಟದ ಬಿಸಿಲಿಗೆ ಸುಕ್ಕಾದವರಿಗೇ ದೇವರ ಪೇಟೆಯಲ್ಲಿ ಬೆಲೆ ಎಂದದ್ದನ್ನು ಕೇಳಿದ್ದೇನೆ. ಮಾತು ಚೆಂದವಿತ್ತು. ಹಿಂದಿನ ಬೆಂಚಿನಲ್ಲಿ ಮಗನನ್ನು ಮಣ್ಣು ಮಾಡಿ ಬಂದು ಹದಿನೈದು ದಿನವಾಗಿದ್ದ ತಂದೆ ಕೂತಿದ್ದ. ಹೋಲಿಕೆಗಳಿಗೂ ಸೂತಕವಿರಬೇಕು.

*

ಸತ್ತ ಲಾಜರನನ್ನು ಇನ್ನೇನು ಎಬ್ಬಿಸಲಿದ್ದ ಯೇಸು ಮೊದಲು ಅತ್ತ. ಸಾವು ಹಿಂದೆ ಸರಿಯುತ್ತದೆಂದು ಗೊತ್ತಿದ್ದೂ ಅತ್ತ. ಅಳಬೇಡಿ, ನಂಬಿಕೆ ಇಡಿ ಎಂದು ಹೆಣದ ಮನೆಯಲ್ಲಿ ಹೇಳುವವರಿಗೆ ಆತನಿಗಿಂತ ಹೆಚ್ಚು ಗೊತ್ತಿರಬೇಕು.

*

2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ದಿಢೀರನೆ ಬಿತ್ತು. ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ಗಾಡಿಗಳು ಉರಿದವು. ಬೆಂಕಿ ಹಚ್ಚಿದ್ದು ಸರಿ ಎನ್ನಲಾರೆ. ಆಗ ಕ್ರೈಸ್ತರ ತಪಸ್ಸುಕಾಲ. ಈಸ್ಟರಿಗೆ ಇಪ್ಪತ್ತು ದಿನ ಉಳಿದಿತ್ತು. ಆ ವಾರ ಯಾರಾದರೂ ಗೋಳಿನ ಕೀರ್ತನೆ ಓದಿಸಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತ್ತು. ಬೈಬಲಿನ 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿನಷ್ಟು ಗೋಳಾಟ, ಜಗಳ, ಎಲ್ಲಿದ್ದೀಯಪ್ಪಾ ಎಂಬ ಕೂಗು. 88ನೆಯದಂತೂ ಕತ್ತಲಲ್ಲೇ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ಸಾಲನ್ನೂ ಯಾರೂ ಹೊಲಿದಿಲ್ಲ. ಅದನ್ನು ಹರಿದು ಹಾಕದೆ ಉಳಿಸಿಕೊಂಡ ಗ್ರಂಥವನ್ನು ನಾನು ನಂಬುತ್ತೇನೆ.

*

ದೇವರ ಮೇಲೆ ಸಿಟ್ಟಾಗುವವರು ದೇವರ ಹಾದಿಯನ್ನು ಇನ್ನೂ ನೋಡುತ್ತಿದ್ದಾರೆ. ಬಾರದವರ ಮೇಲೆ ಯಾರು ಸಿಟ್ಟಾಗುತ್ತಾರೆ? ಬರಬೇಕಾದವರು ತಡ ಮಾಡಿದರೆ ಸಿಟ್ಟು.

*

ವರದಾ ದಂಡೆಯ ಈ ಹೊಸರಿತ್ತಿಯಲ್ಲೇ 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಲಿಯಾದರು. ದಂಡಿಯವರೆಗೆ ಗಾಂಧೀಜಿಯ ಹಿಂದೆ ನಡೆದಿದ್ದ ಮೋಟೆಬೆನ್ನೂರಿನ ಮಹಾದೇವಪ್ಪನವರಿಗೆ ಆಗಿನ್ನೂ 32 ತುಂಬಿರಲಿಲ್ಲ. ಸ್ವಾತಂತ್ರ್ಯ ಬರಲು ಇನ್ನೂ ನಾಲ್ಕು ವರ್ಷ ಬೇಕಿತ್ತು. ಬರುತ್ತದೋ ಇಲ್ಲವೋ, ಅದನ್ನೂ ಯಾರೂ ಖಾತ್ರಿ ಮಾಡಿ ಹೇಳಿರಲಿಲ್ಲ. ಅವರು ಕ್ರೈಸ್ತರಲ್ಲ, ಅವರನ್ನು ನಮ್ಮ ಪಟ್ಟಿಗೆ ಬರೆದುಕೊಳ್ಳುವ ಸಣ್ಣತನವೂ ಬೇಡ. ಆದರೂ ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯ ಓದುವಾಗಲೆಲ್ಲ ನನಗೆ ಈ ಊರು ನೆನಪಾಗುತ್ತದೆ. ದೂರದಿಂದ ಕಂಡರು, ಕೈಗೆ ಸೇರುವ ಮೊದಲೇ ಹೋದರು. ಅಂಥವರದೇ ಹೆಸರು ಆ ಅಧ್ಯಾಯದ ತುಂಬ.

*

ಶುಭ ಶುಕ್ರವಾರಕ್ಕೆ ಶಿಲುಬೆಯ ಮೇಲಿನ ಏಳು ಮಾತುಗಳ ಉಪದೇಶವಿದೆ. ಈಸ್ಟರಿಗೆ ಹಾಡಿದೆ, ಹೊಸ ಅಂಗಿಯಿದೆ. ನಡುವಿನ ಶನಿವಾರಕ್ಕೆ ನಮ್ಮ ಸಣ್ಣ ಊರುಗಳ ಸಭೆಗಳಲ್ಲಿ ಏನೂ ಇಲ್ಲ. ಇಬ್ಬರು ಹೆಣ್ಣುಮಕ್ಕಳು ಬಂದು ಚರ್ಚಿನ ಕಸ ಹೊಡೆದು ಹೋಗುತ್ತಾರೆ. ಎಷ್ಟೋ ಜನರ ಇಡೀ ಆಯುಷ್ಯ ಆ ಶನಿವಾರದಲ್ಲೇ ಕಳೆಯುತ್ತದೆ. ಆ ಇಬ್ಬರ ಹೆಸರಿನಲ್ಲಿ ಒಂದು ಆರಾಧನೆ ಇಡಬೇಕು.

*

ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದರು. 1877ರಲ್ಲಿ ಜರ್ಮನಿಗೆ ಮರಳಿದವರು, ಹಿಡಿದ ಕನ್ನಡ ನಿಘಂಟು ಬಿಡಲಾರದೆ ಐವತ್ತು ದಾಟಿದ ಮೇಲೆ 1883ರಲ್ಲಿ ಮತ್ತೆ ಹಡಗು ಹತ್ತಿದರು. ಸುಮಾರು 70,000 ಪದಗಳ ಆ ಪುಸ್ತಕ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗುವಾಗ ಅವರು ಇಲ್ಲಿರಲಿಲ್ಲ. ಮಿಶನ್ನಿನ ಲೆಕ್ಕದಲ್ಲಿ ಅವರಿಂದ ಎಷ್ಟು ಆತ್ಮಗಳು ಉಳಿದವೋ, ಪದಗಳಂತೂ ಉಳಿದವು. ತನ್ನದಲ್ಲದ ನುಡಿಗಾಗಿ ಒಂದೊಂದೇ ಪದ ಆರಿಸುತ್ತ ಕೂತವರನ್ನು ನೆನೆದಾಗ ನನಗೆ ಮೊರ ಹಿಡಿದ ಆ ಅಜ್ಜಿಯೇ ಕಾಣುತ್ತಾಳೆ.

*

1914ರಲ್ಲಿ ಯುದ್ಧ ಬಂತು. ಮಿಶನ್ನಿನ ಜರ್ಮನ್ ಪಾದ್ರಿಗಳು ವೈರಿ ದೇಶದವರಾದರು. ಅವರನ್ನು ಸೆರೆಯಿಟ್ಟು ಆಮೇಲೆ ದೇಶ ಬಿಡಿಸಿದರು. ನಮ್ಮ ಸಭೆಗಳು ರಾತ್ರಿ ಬೆಳಗಾಗುವುದರೊಳಗೆ ತಬ್ಬಲಿಯಾದವು. ಆಗ ಹಳ್ಳಿಹಳ್ಳಿಯಲ್ಲಿ ದೀಪ ಹಚ್ಚಿದವರು ಇಲ್ಲಿಯ ಉಪದೇಶಿಗಳು, ಇಲ್ಲಿಯ ಗುರುಗಳು. ಅವರ ನಡುವೆ ಒಬ್ಬರು ಉತ್ತಂಗಿ ಚನ್ನಪ್ಪನವರು. ಊರೂರು ತಿರುಗುತ್ತ ಅವರು ಕೂಡಿಸಿದ್ದೇನು ಗೊತ್ತೇ? ಸರ್ವಜ್ಞನ ವಚನಗಳನ್ನು, ನಮ್ಮ ಅಬಲೂರು, ಮಾಸೂರು ಸೀಮೆಯ ಆ ಅಲೆಮಾರಿಯ ಮಾತುಗಳನ್ನು. 1924ರಲ್ಲಿ ಅವು ಪುಸ್ತಕವಾದವು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಈ ಕ್ರೈಸ್ತ ಗುರುವೇ ಅಧ್ಯಕ್ಷರು. ಪರದೇಶದ ಕೈ ತಪ್ಪಿದರೆ ಸಭೆ ಸತ್ತೇಹೋಗುತ್ತದೆ ಎಂದು ಹೆದರಿದವರು ಇದನ್ನು ಊಹಿಸಿದ್ದರೇ?

*

ಬೆಟಗೇರಿಯ ಮಿಶನ್ ಆಸ್ಪತ್ರೆಯನ್ನು ಜನ ಇವತ್ತಿಗೂ ಜರ್ಮನ್ ದವಾಖಾನಿ ಅನ್ನುತ್ತಾರೆ. ಜರ್ಮನರು ಹೋಗಿ ಎಷ್ಟೋ ಕಾಲವಾಯಿತು. ಕಷ್ಟದಲ್ಲಿ ತೆರೆದ ಬಾಗಿಲಿಗೆ ಇಟ್ಟ ಹೆಸರನ್ನು ನಮ್ಮ ಜನ ಸುಲಭಕ್ಕೆ ಬಿಡುವುದಿಲ್ಲ.

*

ನಿಶ್ಚಿತ ಬೇಕು ಎನ್ನುವವರಿಗೆ ಬಡ್ಡಿಯವನಿದ್ದಾನೆ. ಅವನ ತಾರೀಖು ಎಂದೂ ತಪ್ಪುವುದಿಲ್ಲ.

*

ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತರು. ಆಮೇಲೆ ಬಾಯಿ ತೆರೆದರು, ಅಲ್ಲಿಂದ ಎಲ್ಲ ಕೆಟ್ಟಿತು. ಅವರ ಮಾತುಗಳು ಅಧ್ಯಾಯಗಟ್ಟಲೆ ಇವೆ. ದೇವರಿಗೆ ಅವು ಹಿಡಿಸಲಿಲ್ಲ. ಆ ಏಳು ದಿನಗಳಿಗೆ ಒಂದೆರಡು ಸಾಲು ಮಾತ್ರ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ.

*

ಹಾವೇರಿ ಜಿಲ್ಲೆಯಲ್ಲಿ ಸಾಲಕ್ಕೆ ಅಂಜಿ ಹಗ್ಗ ಹಿಡಿದವರ, ಔಷಧಿ ಕುಡಿದವರ ಸುದ್ದಿ ನಮಗೆ ಹೊಸದಲ್ಲ. ಮಣ್ಣಿಗೆ ಊರೆಲ್ಲ ಬರುತ್ತದೆ. ಹನ್ನೊಂದನೆಯ ದಿನಕ್ಕೆ ಬೀಗರು ಬರುತ್ತಾರೆ. ಅಧಿಕಾರಿಗಳು ಬಂದು ಕಾಗದ ಬರೆದುಕೊಂಡು ಹೋಗುತ್ತಾರೆ. ಮೂರನೆಯ ತಿಂಗಳಿಗೆ ಆ ಮನೆಯ ಬಾಗಿಲಿಗೆ ಬರುವವರು ಸಾಲ ಕೊಟ್ಟವರು ಮಾತ್ರ. ಆ ಮನೆಯಾಕೆಯೂ ಕಟ್ಟೆಯ ಮೇಲೆ ಕೂತು ಹಾದಿ ನೋಡುತ್ತಿರುತ್ತಾಳೆ, ಯಾರದೆಂದು ಅವಳಿಗೂ ತಿಳಿಯದು.

ನಿಮ್ಮ ಊರಿನಲ್ಲಿ ಅಂಥ ಮನೆ ಯಾವುದೆಂದು ನಿಮಗೆ ಗೊತ್ತು. ಮೂರನೆಯ ತಿಂಗಳು ಹೋಗಿ ಬನ್ನಿ. ಉಪದೇಶ ಬೇಡ. ಕೈಯಲ್ಲಿ ನಾಲ್ಕು ರೊಟ್ಟಿ ಇರಲಿ, ಸಂಜೆಯವರೆಗೆ ಕೂತುಕೊಳ್ಳಿ.