ಕರಾರುಪತ್ರ ಮತ್ತು ಸತ್ಯಾಣುವ್ರತ

ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿಕೊಂಡಾಗ ಅದು ಸಮ್ಮತಿ ಎನಿಸುತ್ತದೆಂದು 1872ರ ಭಾರತೀಯ ಕರಾರು ಅಧಿನಿಯಮದ 13ನೆಯ ಕಲಮು ಹೇಳುತ್ತದೆ. ಮಾತು ಕಾನೂನಿನದಾದರೂ ಅದರೊಳಗೆ ನೀತಿಯ ತಿರುಳಿದೆ. ಕಾಗದದ ಮೇಲೆ ಎರಡು ರುಜು ಬಿದ್ದ ಮಾತ್ರಕ್ಕೆ ಎರಡು ಮನಸ್ಸುಗಳು ಕೂಡಿದವೆಂದು ಹೇಳಲಾಗದು. ಒಬ್ಬನು ತಿಳಿದು ರುಜು ಹಾಕಿ, ಮತ್ತೊಬ್ಬನು ತಿಳಿಯದೆ ರುಜು ಹಾಕಿದರೆ, ಆ ಕರಾರಿನಿಂದ ಬಂದ ಲಾಭವು ತಿಳಿದವನಿಗೆ ನ್ಯಾಯವಾಗಿ ಸಲ್ಲುವುದೇ? ಮನೆಯ ಒಂದು ಕೋಣೆಯಲ್ಲಿಯೇ ಅಂತರ್ಜಾಲದ ಅಂಗಡಿ ನಡೆಸುವ ಕುಟುಂಬಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆಯು ಪ್ರತಿಯೊಬ್ಬ ಗೃಹಸ್ಥನ ಬಾಗಿಲಿಗೂ ಬಂದಿದೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹುಬ್ಬಳ್ಳಿಯ ಗೃಹಿಣಿಯೊಬ್ಬಳು ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾಳೆ. ಮಾಲು ಕೊಡುವವನು ಇಳಕಲ್ಲಿನ ಒಬ್ಬ ವೃದ್ಧ ನೇಕಾರ. ಅವಳು ಎಲ್ಲಿಂದಲೋ ದೊರೆತ ಇಂಗ್ಲಿಷ್ ಮಾದರಿಯೊಂದನ್ನು ತಿದ್ದಿ ಕರಾರುಪತ್ರ ಸಿದ್ಧಪಡಿಸುತ್ತಾಳೆ. ಹಣ 90 ದಿನಗಳ ನಂತರ. ಗಿರಾಕಿಗಳು ಹಿಂದಿರುಗಿಸಿದ ಸೀರೆಗಳೆಲ್ಲ ನೇಕಾರನಿಗೆ ವಾಪಸು. ಸಾಗಣೆಯ ವೆಚ್ಚವೂ ಅವನದೇ. ‘ನೀವು ಓದೀರಲ್ರಿ ಅಕ್ಕಾರ, ಅಷ್ಟ ಸಾಕು’ ಎಂದು ನೇಕಾರನು ರುಜು ಹಾಕುತ್ತಾನೆ. 1,500 ರೂಪಾಯಿಯಂತೆ 40 ಸೀರೆಗಳನ್ನು ಕಳುಹಿಸಿ 60,000 ರೂಪಾಯಿ ಬರುವುದೆಂದು ನಂಬಿರುತ್ತಾನೆ. ಮೂರು ತಿಂಗಳ ಮೇಲೆ 12 ಸೀರೆಗಳು ಮಡಿಕೆ ಕೆಟ್ಟು ಹಿಂದಿರುಗುತ್ತವೆ. ಕೈಗೆ ಬರುವುದು 42,000 ರೂಪಾಯಿ, ಅದರಲ್ಲಿಯೂ ಸಾಗಣೆಯ ಕಡಿತ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಎಲ್ಲವೂ ಬರೆದಂತೆಯೇ ನಡೆಯಿತು.

ಅದೇ ಗೃಹಿಣಿಯು ಸೂರತ್ತಿನ ಸಗಟು ವ್ಯಾಪಾರಿಯೊಬ್ಬನಿಂದಲೂ ಮಾಲು ತರಿಸುತ್ತಾಳೆ. ಅಲ್ಲಿ ಕರಾರು ಅವನದು, ಓದದೆ ರುಜು ಹಾಕಿದವಳು ಇವಳು. 1930ರ ಸರಕು ಮಾರಾಟ ಅಧಿನಿಯಮದ 39ನೆಯ ಕಲಮಿನಂತೆ, ಕರಾರಿನ ಪ್ರಕಾರ ಮಾಲನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಅದು ಖರೀದಿದಾರನಿಗೇ ಒಪ್ಪಿಸಿದಂತೆ. ಬೇರೆ ಮಾತಾಗಿರದಿದ್ದರೆ ದಾರಿಯಲ್ಲಿ ನೆನೆದು ಹಾಳಾದ ಗಂಟಿನ ನಷ್ಟ ಸಾಮಾನ್ಯವಾಗಿ ಅವಳ ಪಾಲಿಗೇ ಬರುತ್ತದೆ. 42ನೆಯ ಕಲಮಿನಂತೆ, ಬಂದ ಮಾಲನ್ನು ಬೇಡವೆಂದು ತಿಳಿಸದೆ ಯುಕ್ತ ಕಾಲ ಮೀರಿ ಇರಿಸಿಕೊಂಡರೆ ಅದನ್ನು ಸ್ವೀಕರಿಸಿದಂತೆಯೇ. ವ್ಯಾಜ್ಯವು ಸೂರತ್ತಿನ ನ್ಯಾಯಾಲಯದಲ್ಲಿಯೇ ನಡೆಯತಕ್ಕದ್ದೆಂಬ ಷರತ್ತು ಕೊನೆಯ ಪುಟದಲ್ಲಿದ್ದರೆ, ಕೆಲವು ಸಾವಿರ ರೂಪಾಯಿಗಾಗಿ ಅಷ್ಟು ದೂರ ಹೋಗುವವರಾರು? ಇಳಕಲ್ಲಿನ ಕಡೆಗೆ ತಿಳಿದವಳಾಗಿ ನಿಂತವಳೇ ಸೂರತ್ತಿನ ಕಡೆಗೆ ತಿಳಿಯದವಳಾಗಿ ನಿಂತಿದ್ದಾಳೆ. ತನಗೆ ಅಲ್ಲಿ ಅನ್ಯಾಯವೆನಿಸಿದ್ದು ಇಲ್ಲಿ ಜಾಣತನವೆನಿಸಬಹುದೇ?

ಕಾನೂನು ಇಲ್ಲಿ ಸ್ವಲ್ಪ ದೂರ ಜೊತೆಗೆ ಬರುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದವನಿಗೆ ಕೊಡಬೇಕಾದ ಹಣಕ್ಕೆ ಲಿಖಿತ ಕರಾರಿದ್ದರೂ 45 ದಿನಗಳ ಮಿತಿಯುಂಟು. ಮೀರಿದರೆ ರಿಸರ್ವ್ ಬ್ಯಾಂಕು ಪ್ರಕಟಿಸಿದ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ತೆರಬೇಕು. ಆದರೆ ನೋಂದಣಿ ಮಾಡಿಸದ ನೇಕಾರನಿಗೆ ಈ ರಕ್ಷಣೆಯು ಸುಲಭವಾಗಿ ದಕ್ಕದು. ಇನ್ನು ಕರಾರು ಅಧಿನಿಯಮದ 17ನೆಯ ಕಲಮಿನ ವಿವರಣೆಯಂತೆ, ಮಾತನಾಡುವ ಕರ್ತವ್ಯವಿದ್ದಾಗಲೋ ಮೌನವೇ ಮಾತಿಗೆ ಸಮವಾದಾಗಲೋ ಹೊರತು ಬರಿಯ ಮೌನವು ವಂಚನೆಯಲ್ಲ. ಕಾನೂನು ಇಲ್ಲಿಗೆ ನಿಲ್ಲುತ್ತದೆ. ಶ್ರಾವಕನ ವ್ರತವು ಇಲ್ಲಿಂದಲೇ ಮುಂದಕ್ಕೆ ಸಾಗುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯ ಜೊತೆಗೆ ನ್ಯಾಸಾಪಹಾರವೂ ಸೇರಿದೆ. ಕೂಟಲೇಖವೆಂದರೆ ಸುಳ್ಳು ಬರವಣಿಗೆ. ಅದು ಎಲ್ಲರಿಗೂ ತಿಳಿದ ದೋಷ. ನ್ಯಾಸಾಪಹಾರವು ಹೆಚ್ಚು ಸೂಕ್ಷ್ಮವಾದುದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುವ ರೀತಿ ಗಮನಾರ್ಹ. ಒಬ್ಬನು ಹೊನ್ನು ಮೊದಲಾದುದನ್ನು ಇಡುಗಂಟಾಗಿ ಇರಿಸಿ ಅದರ ಲೆಕ್ಕವನ್ನು ಮರೆತಿದ್ದಾನೆ. ಮರಳಿ ಪಡೆಯುವಾಗ ಕಡಿಮೆ ಎಣಿಕೆಯನ್ನೇ ತೆಗೆದುಕೊಳ್ಳುತ್ತಾನೆ. ಇರಿಸಿಕೊಂಡವನು ಹಾಗೆಯೇ ಆಗಲೆಂದು ಒಪ್ಪುತ್ತಾನೆ. ಅವನು ಕಸಿದುಕೊಳ್ಳಲಿಲ್ಲ, ತಾನಾಗಿ ಸುಳ್ಳು ಲೆಕ್ಕವನ್ನೂ ಹೇಳಲಿಲ್ಲ. ಮತ್ತೊಬ್ಬನ ಮರೆವಿಗೆ ಸಮ್ಮತಿಯನ್ನಷ್ಟೇ ಕೊಟ್ಟ. ಆ ಸಮ್ಮತಿಯೇ ದೋಷ. ಇದನ್ನು ಅಸ್ತೇಯದ ಅಡಿಯಲ್ಲಿಡದೆ ಸತ್ಯದ ಅಡಿಯಲ್ಲಿಟ್ಟಿರುವುದು ಚಿಂತನೀಯ. ಹೋದ ಹಣದಷ್ಟೇ ಕೆಟ್ಟ ಮಾತೂ ಇಲ್ಲಿ ಮುಖ್ಯ. ಮರೆತವನ ಎಣಿಕೆಗೂ ಓದಲಾರದವನ ರುಜುವಿಗೂ ಇರುವ ಅಂತರ ಬಹಳ ಕಡಿಮೆ.

ಇದಕ್ಕೆ ಒಂದು ಆಕ್ಷೇಪವುಂಟು. ವ್ಯಾಪಾರಿಯು ಎದುರು ಪಕ್ಷದ ವಕೀಲನೂ ಆಗಬೇಕೇ? ಅವನಿಗೂ ಸಂಸಾರವಿದೆ, ಸಾಲದ ಕಂತಿದೆ. ಬಂದ ಸೀರೆಯನ್ನೆಲ್ಲ ವಾಪಸು ಪಡೆದು ತಾನೊಬ್ಬನೇ ನಷ್ಟ ಹೊತ್ತರೆ ಚಿಕ್ಕ ಅಂಗಡಿ ಎಷ್ಟು ದಿನ ಉಳಿದೀತು? ಈ ಮಾತು ತಳ್ಳಿಹಾಕತಕ್ಕದ್ದಲ್ಲ. ಅಣುವ್ರತವು ಗೃಹಸ್ಥನಿಗಾಗಿಯೇ ಇರುವುದು. ಅದು ಲಾಭವನ್ನಾಗಲಿ ಚೌಕಾಸಿಯನ್ನಾಗಲಿ ನಿಷೇಧಿಸುವುದಿಲ್ಲ. ಕಠಿಣವಾದ ಷರತ್ತು ಅಧರ್ಮವೇ ಆಗಬೇಕೆಂದಿಲ್ಲ. ವಾಪಸಿನ ನಷ್ಟವನ್ನು ನೇಕಾರನು ತಿಳಿದೇ ಹೊತ್ತು, ಅದಕ್ಕೆ ಪ್ರತಿಯಾಗಿ ಬೆಲೆಯಲ್ಲಿ ನೂರು ರೂಪಾಯಿ ಹೆಚ್ಚು ಕೇಳಿ ಪಡೆದರೆ ಅದು ಸರಿಯಾದ ವ್ಯಾಪಾರ. ದೋಷವಿರುವುದು ಷರತ್ತಿನ ಕಾಠಿಣ್ಯದಲ್ಲಲ್ಲ, ಅದರ ಮರೆಯಲ್ಲಿ.

ಆದುದರಿಂದ ಪರೀಕ್ಷೆಯೊಂದು ಸಾಕು. ಕರಾರನ್ನು ಎದುರಿನವನ ಭಾಷೆಯಲ್ಲಿ, ಅವನ ಮುಂದೆ, ಗಟ್ಟಿಯಾಗಿ ಓದಿದರೆ ಆ ಷರತ್ತು ಉಳಿಯುವುದೇ? ಓದಿದ ಮೇಲೂ ಅವನು ಒಪ್ಪುವುದಾದರೆ ಅದು ಕಟುವಾಗಿದ್ದರೂ ಶುದ್ಧ. ಓದದಿದ್ದರೆ ಮಾತ್ರ ಲಾಭ ಕೊಡುವ ಷರತ್ತಾದರೆ ಅದು ಇಡುಗಂಟಿನ ಲೆಕ್ಕದಂತೆಯೇ. ಹಣ ಎಂದು ಬರುವುದು, ವಾಪಸಾದ ಮಾಲು ಯಾರದು, ದಾರಿಯ ನಷ್ಟ ಯಾರಿಗೆ, ಮಾಲು ನೋಡಿ ದೋಷ ತಿಳಿಸಲು ಎಷ್ಟು ದಿನ, ವ್ಯವಹಾರ ನಿಲ್ಲಿಸಬೇಕಾದರೆ ಹೇಗೆ, ವ್ಯಾಜ್ಯ ಎಲ್ಲಿ ಎಂಬ ಆರು ಸಂಗತಿಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಇರಿಸಿಕೊಳ್ಳುವುದು ಕಷ್ಟವಲ್ಲ.

ಏಳನೆಯದಾಗಿ ಮಾಲಿನ ವರ್ಣನೆಯನ್ನೂ ಸೇರಿಸಬೇಕು. ಸೆರಗು ಶುದ್ಧ ರೇಷ್ಮೆಯದೋ ಕೃತಕ ರೇಷ್ಮೆಯದೋ ಎಂಬುದು ನೇಕಾರನಿಗೆ ಗೊತ್ತು, ಚಿತ್ರ ನೋಡಿ ಕೊಳ್ಳುವ ಗಿರಾಕಿಗೆ ಗೊತ್ತಿಲ್ಲ. ಜಾಹೀರಾತು ವಸ್ತುವಿನ ನಿಜಗುಣಕ್ಕೆ ಹೊಂದಿರಬೇಕೆಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳೂ ವಿಧಿಸುತ್ತವೆ. ಖರೀದಿಯ ಕಾಗದದಲ್ಲಿ ಸ್ಪಷ್ಟವಾಗದ ಪದವು ಮಾರಾಟದ ಪುಟದಲ್ಲಿ ಸ್ಪಷ್ಟವಾಗಲಾರದು.

ಅಕ್ಕಿ, ಎಣ್ಣೆ, ಕಲ್ಲು, ಮರ ಕೊಳ್ಳುವ ಬಸದಿಗಳ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ದೇವರ ಕೆಲಸವೆಂಬ ಗೌರವದಿಂದ ಓದದೆ ರುಜು ಹಾಕುವವರು ಅಲ್ಲಿ ಇನ್ನೂ ಹೆಚ್ಚು. ಆದುದರಿಂದ ಓದಿ ಹೇಳುವ ಹೊಣೆಯೂ ಹೆಚ್ಚು.

ಹುಬ್ಬಳ್ಳಿಯ ಆ ಗೃಹಿಣಿಯು ಮುಂದಿನ ಬಾರಿ ಕಾಗದವನ್ನು ಓದಿ ಹೇಳಿದಳೆನ್ನೋಣ. ನೇಕಾರನು ಬೆಲೆ ಏರಿಸಬಹುದು; 30 ದಿನಗಳಲ್ಲಿ ಹಣ ಕೇಳಬಹುದು; ಮಾಲನ್ನೇ ಕೊಡದಿರಬಹುದು. ಅವಳ ಲಾಭ ಖಂಡಿತವಾಗಿ ಕುಗ್ಗುತ್ತದೆ. ವ್ರತವು ಖರ್ಚಿಲ್ಲದೆ ನಡೆಯುವುದೆಂದು ಯಾವ ಆಚಾರ್ಯರೂ ಹೇಳಿಲ್ಲ. ಆದರೆ ಆ ದಿನ ಬಿದ್ದ ರುಜುವಿನ ಹಿಂದೆ ಒಪ್ಪಿದ ಮನಸ್ಸೊಂದು ಇರುತ್ತದೆ. ಸೂರತ್ತಿನ ಕಾಗದ ಬಂದಾಗ ಅದನ್ನು ಕೊನೆಯ ಪುಟದವರೆಗೆ ಓದಿ ಪ್ರಶ್ನಿಸುವ ಧೈರ್ಯವೂ ಅವಳಿಗೆ ಅಲ್ಲಿಂದಲೇ ಬರುತ್ತದೆ.