ಕಾಣದ ನೋವಿಗೆ ಸಾಕ್ಷಿ ಯಾರು?

ನನ್ನ ದೊಡ್ಡಮ್ಮನಿಗೆ ಬಲಗೆನ್ನೆಯಲ್ಲಿ ನೋವು ಶುರುವಾದಾಗ ನಾವೆಲ್ಲ ಅದನ್ನು ಹಲ್ಲುನೋವೆಂದೇ ತಿಳಿದೆವು. ಎರಡು ಹಲ್ಲು ಕೀಳಿಸಿದರೂ ನೋವು ಹೋಗಲಿಲ್ಲ. ಮುಖ ತೊಳೆದರೆ, ತುತ್ತು ಅಗಿದರೆ, ಗಾಳಿ ತಾಗಿದರೆ ಸಾಕು, ಸಿಡಿಲು ಹೊಡೆದಂತಹ ನೋವು. ಕೆಲವೇ ಕ್ಷಣ, ಆಮೇಲೆ ಏನೂ ಆಗದವರಂತೆ ಕುಳಿತಿರುತ್ತಿದ್ದರು. ಅದೇ ಅವರಿಗೆ ಮುಳುವಾಯಿತು. "ಈಗಷ್ಟೇ ನಗುತ್ತಿದ್ದರಲ್ಲ?" ಎಂದು ಮನೆಯಲ್ಲಿ ಪಿಸುಮಾತು. ಹಾಗೆ ಅಂದವರಲ್ಲಿ ನಾನೂ ಒಬ್ಬ.

ಎರಡು ವರ್ಷಗಳ ಮೇಲೆ ಮಂಗಳೂರಿನ ನರರೋಗ ತಜ್ಞರೊಬ್ಬರು ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದರು. ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ನರದ ಬೇನೆ ಇದು. ಆ ನರ ಮಿದುಳನ್ನು ಸೇರುವಲ್ಲಿ ಹಲವರಲ್ಲಿ ರಕ್ತನಾಳವೊಂದು ಒತ್ತಿಕೊಂಡು, ನರತಂತುಗಳ ಹೊದಿಕೆ ಸವೆಯುತ್ತದಂತೆ. ಎಂ.ಆರ್.ಐ. ಚಿತ್ರದಲ್ಲಿ ಆ ಒತ್ತು ಕಂಡಿತು. ಕಾರ್ಬಮಜೆಪೈನ್ ಮಾತ್ರೆಯಿಂದ ನೋವು ಹಿಡಿತಕ್ಕೆ ಬಂತು. ಚಿತ್ರ ಕಂಡ ಮೇಲೆ ನಮ್ಮೆಲ್ಲರ ದನಿಯೂ ಮೆತ್ತಗಾಯಿತು. ದೊಡ್ಡಮ್ಮ ಕೇಳಿದ್ದು ಇಷ್ಟೇ: "ಈಗ ನಂಬಿಕೆ ಬಂತಾ ಮಗಾ?"

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಚಿತ್ರದಲ್ಲಿ ಏನೂ ಕಾಣದೆ ಹೋಗಿದ್ದರೆ?

ಯಂತ್ರಗಳ ಕಣ್ಣು ಈಗ ಇನ್ನೂ ಸೂಕ್ಷ್ಮವಾಗಿದೆ. 1994ರಲ್ಲಿ ಪೀಟರ್ ಬಾಸರ್ ಮತ್ತು ಸಂಗಡಿಗರು ವಿವರಿಸಿದ ಡಿಫ್ಯೂಶನ್ ಟೆನ್ಸರ್ ವಿಧಾನ, ನರದೊಳಗೆ ನೀರಿನ ಅಣುಗಳು ಚಲಿಸುವ ಬಗೆಯನ್ನು ಅಳೆಯುತ್ತದೆ. ತಂತುಗಳು ಸರಿಯಿದ್ದಲ್ಲಿ ನೀರು ತೋಟದ ಕಣಿಯಲ್ಲಿ ಸಾಗಿದಂತೆ ಉದ್ದಕ್ಕೇ ಸಾಗುತ್ತದೆ. ಕೆಟ್ಟಲ್ಲಿ ಅಡ್ಡಕ್ಕೂ ಹರಡುತ್ತದೆ. ಸಾಮಾನ್ಯ ಚಿತ್ರದಲ್ಲಿ ಕಾಣದ ಹಾನಿಯನ್ನೂ ಸಂಶೋಧಕರು ಹೀಗೆ ಗುರುತಿಸುತ್ತಿದ್ದಾರೆ. ಆದರೂ ರಕ್ತನಾಳ ನರಕ್ಕೆ ತಾಗಿದ್ದೂ ನೋವಿಲ್ಲದವರಿದ್ದಾರೆ. ಏನೂ ತಾಗದೆಯೇ ನರಳುವವರಿದ್ದಾರೆ. ಯಂತ್ರ ತೆಗೆಯುವುದು ನರದ ಚಿತ್ರ, ನೋವಿನ ಚಿತ್ರವಲ್ಲ.

ವೈದ್ಯರಿಗೆ ಸಾಕ್ಷ್ಯ ಬೇಕು, ನಿಜ. ತಲೆಬುರುಡೆ ತೆರೆದು ನರದಿಂದ ರಕ್ತನಾಳವನ್ನು ಬೇರ್ಪಡಿಸುವ ಶಸ್ತ್ರಚಿಕಿತ್ಸೆಗೆ ಬರಿಯ ಊಹೆ ಸಾಲದು. ಆದರೆ ಶಸ್ತ್ರಕ್ಕೆ ಬೇಕಾದ ಸಾಕ್ಷ್ಯವನ್ನು ನಾವು ಕನಿಕರಕ್ಕೂ ಕೇಳಿದೆವು. ತಪ್ಪಾದದ್ದು ಅಲ್ಲಿ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎನ್ನುವವರ ಮಾತನ್ನು ಗೌರವಿಸಬೇಕೆಂದು ಅದರ ಜೊತೆಗೇ ಬರೆದಿಟ್ಟಿತು.

ಸುಳ್ಳು ಹೇಳುವವರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರು. ಅಂಥವರನ್ನು ನಂಬಿ ಮೋಸಹೋದರೆ ನನಗೆ ಒಂದು ಹೊತ್ತಿನ ನಷ್ಟ. ನಿಜ ಹೇಳಿದವರನ್ನು ನಂಬದೆ ಹೋದದ್ದಕ್ಕೆ ದೊಡ್ಡಮ್ಮ ಎರಡು ವರ್ಷ ತುಂಬಿದ ಮನೆಯಲ್ಲಿ ಒಂಟಿಯಾಗಿ ನರಳಿದರು.

ಕನ್ನಡದ ನೋವು ಮಲಯಾಳದಲ್ಲೂ ನೋವೇ. ನಮ್ಮ ಗಡಿನಾಡಿನ ಈ ಎರಡು ಭಾಷೆಗಳಿಗೆ ಅದನ್ನು ತರ್ಜುಮೆ ಮಾಡಿ ಹೇಳಬೇಕಾಗಿಲ್ಲ. ಒಂದೇ ಭಾಷೆ ಆಡುವ ಒಂದೇ ಮನೆಯೊಳಗೆ ಮಾತ್ರ, ಆ ಮಾತು ನಮಗೆ ತಿಳಿಯಲು ಯಂತ್ರವೊಂದು ದುಭಾಷಿಯಾಗಬೇಕಾಯಿತು.