ಎಲ್ಲೆಯರಿಯದ ಮೀನು

ಪೆಸಿಫಿಕ್ ಸಾಗರದ ಪಲಾವು ದೇಶವು 2009ರಲ್ಲಿ ತನ್ನ ಕಡಲನ್ನೆಲ್ಲ ಶಾರ್ಕುಗಳ ಅಭಯಸ್ಥಾನವೆಂದು ಸಾರಿತು. ಭಯಂಕರ ಪ್ರಾಣಿಗೆ ಅಭಯವೆಂದರೆ ಮಕ್ಕಳು ನಗುತ್ತಾರೆ. ನಾವೂ ಮೊದಲು ನಕ್ಕವರೇ.

ಆದರೆ ಅಭಯದ ಎಲ್ಲೆಯನ್ನು ಎಲ್ಲಿ ಎಳೆಯಬೇಕು? ಅದನ್ನರಿಯಲು ವಿಜ್ಞಾನಿಗಳು ಶಾರ್ಕನ್ನು ಹಿಡಿದು, ಹೊಟ್ಟೆಯನ್ನು ತುಸು ಸೀಳಿ, ಧ್ವನಿಸಂಕೇತ ಹೊರಡಿಸುವ ಚಿಕ್ಕ ಯಂತ್ರವೊಂದನ್ನು ಒಳಗಿರಿಸಿ, ಹೊಲಿದು ಬಿಡುತ್ತಾರೆ. ಹವಳದ ದಿಬ್ಬದ ಬಳಿ ನೀರಿನಲ್ಲಿರಿಸಿದ ಗ್ರಾಹಕ ಯಂತ್ರಗಳು ಆ ಮೀನು ಸುಳಿದಾಗಲೆಲ್ಲ ಹೊತ್ತನ್ನು ದಾಖಲಿಸುತ್ತವೆ. ದಿಬ್ಬದ ಬೂದುಶಾರ್ಕ್ ಬಹುಮಟ್ಟಿಗೆ ತನ್ನ ದಿಬ್ಬಕ್ಕೇ ಮರಳುವುದೆಂದೂ ಹುಲಿಶಾರ್ಕ್ ನೂರಾರು ಮೈಲಿ ಅಲೆಯುವುದೆಂದೂ ಹೀಗೆ ತಿಳಿದುಬಂದಿದೆ. ಒಂದಕ್ಕೆ ಚಿಕ್ಕ ಎಲ್ಲೆಯೂ ಸಾಕಾದೀತು. ಇನ್ನೊಂದಕ್ಕೆ ಒಂದು ದೇಶದ ಕಡಲೂ ಸಾಲದು.

ಕುಲದ ಹಿತಕ್ಕಾಗಿ ಒಂದು ಜೀವವನ್ನು ನೋಯಿಸುವುದು ನ್ಯಾಯವೇ? ಮಗುವಿಗೆ ಚುಚ್ಚುಮದ್ದು ಹಾಕಿಸುವಾಗಲೂ ಒಪ್ಪಿಗೆ ಕೇಳುವುದಿಲ್ಲವೆನ್ನಬಹುದು. ಅಲ್ಲಿ ನೋವುಂಡ ಮಗುವಿಗೇ ಫಲ. ಇಲ್ಲಿ ನೋವು ಒಂದರದು, ಫಲ ಬೇರೆಯವುಗಳದು. ಆದರೆ 2020ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, 371 ದಿಬ್ಬಗಳ ಪೈಕಿ ಸುಮಾರು ಐದನೆಯ ಒಂದು ಪಾಲಿನಲ್ಲಿ ಶಾರ್ಕೇ ಕಾಣಲಿಲ್ಲ. ಮಿತಿಮೀರಿ ಹಿಡಿದು ಬರಿದು ಮಾಡಿದವರು ಮನುಷ್ಯರೇ. ಆದುದರಿಂದ ಆ ಸೀಳನ್ನು ನಾವು ಒಪ್ಪುತ್ತೇವೆ, ಸಂಕೋಚದಿಂದಲೇ. ಎಲ್ಲೆಯೆಳೆಯದೆ ದಾಖಲೆಯನ್ನು ಕಪಾಟಿನಲ್ಲಿ ಮುಚ್ಚಿಡುವವರಿಗೆ ಮಾತ್ರ ಈ ಒಪ್ಪಿಗೆ ಸಲ್ಲದು.